ಎರಡು ಪದಗಳ ಲೋಕ: ‘ಕಿನ್-ದ್ಜಾ-ದ್ಜಾ!’ ಚಲನಚಿತ್ರದಲ್ಲಿ ಭಾಷೆ ಮತ್ತು ಶ್ರೇಣಿ

ವಿಜ್ಞಾನ ಕಥನವನ್ನು ಕುರಿತ ನಮ್ಮ ಚರ್ಚೆಗಳು ಹೆಚ್ಚಾಗಿ ವಿಜ್ಞಾನದ ಪ್ರಶ್ನೆಯಲ್ಲಿಯೇ ನಿಂತುಬಿಡುತ್ತವೆ. ಕಥೆಯಲ್ಲಿ ಬರುವ ಯಂತ್ರ ಸಾಧ್ಯವೇ, ಅದರ ಹಿಂದಿನ ತತ್ತ್ವ ಸರಿಯೇ ಎಂಬ ವಿಚಾರಣೆ ಮುಂದಾಗಿ, ಆ ಲೋಕದ ಜನ ಯಾವ ಭಾಷೆಯಲ್ಲಿ ಮಾತನಾಡುತ್ತಾರೆ, ಒಬ್ಬರನ್ನೊಬ್ಬರು ಹೇಗೆ ಸಂಬೋಧಿಸುತ್ತಾರೆ ಎಂಬ ವಿಚಾರ ಹಿಂದೆ ಸರಿಯುತ್ತದೆ. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ಈ ಪ್ರಕಾರಕ್ಕೆ ದುಡಿದಿದ್ದರೂ ಸಾಹಿತ್ಯ ವಿಮರ್ಶೆ ಅದಕ್ಕೆ ಕೊಟ್ಟ ಜಾಗ ಅಲ್ಪವೇ. ವಿಜ್ಞಾನ ಕಥಾಚಿತ್ರಗಳನ್ನು ಭಾಷೆಯ ಅಧ್ಯಯನಕ್ಕೆ ಆಕರವೆಂದು ನೋಡುವ ರೂಢಿಯಂತೂ ಇನ್ನೂ ಬೆಳೆಯಬೇಕಾಗಿದೆ. ಪ್ರಸ್ತುತ ಲೇಖನವು ಅಂಥದೊಂದು ಆಕರವಾಗಬಲ್ಲ ಸೋವಿಯತ್ ಚಲನಚಿತ್ರವನ್ನು ಪರಿಚಯಿಸುತ್ತದೆ. ೧೯೮೬ರಲ್ಲಿ ತೆರೆಕಂಡ ‘ಕಿನ್-ದ್ಜಾ-ದ್ಜಾ!’ ಎಂಬ ಆ ಚಿತ್ರವು ಭಾಷೆ ಮತ್ತು ಸಾಮಾಜಿಕ ಶ್ರೇಣಿಯ ಸಂಬಂಧವನ್ನು ಕುರಿತು ಏನನ್ನು ಹೇಳುತ್ತದೆ ಎಂಬುದನ್ನು ವಿವರಿಸುವುದು ಇಲ್ಲಿನ ಉದ್ದೇಶ.

೧. ಚಿತ್ರ ಮತ್ತು ಅದರ ಕಥೆ

ಮಾಸ್ಫಿಲ್ಮ್ ಸಂಸ್ಥೆ ನಿರ್ಮಿಸಿದ ಈ ಚಿತ್ರದ ನಿರ್ದೇಶಕರು ಗಿಯೋರ್ಗಿ ದನೇಲಿಯ. ಚಿತ್ರಕಥೆಯನ್ನು ಅವರು ರೆವಾಜ್ ಗಬ್ರಿಯಾದ್ಜೆ ಅವರೊಂದಿಗೆ ಬರೆದರು. ಸಂಗೀತ ಗಿಯಾ ಕಂಚೇಲಿ ಅವರದು. ಮೂವರೂ ಜಾರ್ಜಿಯಾ ಮೂಲದವರು. ಎರಡು ಭಾಗಗಳಲ್ಲಿರುವ ಚಿತ್ರದ ಅವಧಿ ಎರಡು ಗಂಟೆ ಹದಿನೈದು ನಿಮಿಷದಷ್ಟು. ಬಹುಪಾಲು ಚಿತ್ರೀಕರಣ ನಡೆದದ್ದು ತುರ್ಕ್‌ಮೆನಿಸ್ತಾನದ ಕಾರಾಕುಮ್ ಮರುಭೂಮಿಯಲ್ಲಿ.

ಮಾಸ್ಕೋದ ಕಟ್ಟಡ ಕಾಮಗಾರಿಯ ಮೇಸ್ತ್ರಿ ವ್ಲಾದಿಮಿರ್ ಮಷ್ಕೊವ್ (ನಟ ಸ್ತಾನಿಸ್ಲಾವ್ ಲ್ಯುಬ್ಶಿನ್) ಹೆಂಡತಿಯ ಮಾತಿನಂತೆ ಬ್ರೆಡ್ಡು ತರಲು ಮನೆಯಿಂದ ಹೊರಡುತ್ತಾನೆ. ಬೀದಿಯಲ್ಲಿ ಪಿಟೀಲು ಹಿಡಿದ ಗೆದೆವಾನ್ ಎಂಬ ಜಾರ್ಜಿಯನ್ ವಿದ್ಯಾರ್ಥಿ (ಲೆವಾನ್ ಗಬ್ರಿಯಾದ್ಜೆ) ಅವನನ್ನು ತಡೆದು, ಬರಿಗಾಲಿನ ಒಬ್ಬ ಮನುಷ್ಯನನ್ನು ತೋರಿಸುತ್ತಾನೆ. ತಾನು ಬೇರೆ ಗ್ರಹದವನೆಂದು ಹೇಳಿಕೊಳ್ಳುವ ಆ ಮನುಷ್ಯ ಭೂಮಿಯ ಸಂಖ್ಯೆ ಎಷ್ಟೆಂದು ಕೇಳುತ್ತಿರುತ್ತಾನೆ. ನಂಬದ ಮಷ್ಕೊವ್ ಅವನ ಕೈಯಲ್ಲಿದ್ದ ಸಾಧನದ ಗುಂಡಿಯನ್ನು ಒತ್ತುತ್ತಾನೆ. ಮರುಕ್ಷಣ ಇಬ್ಬರೂ ಮರಳುಗಾಡಿನಲ್ಲಿ ನಿಂತಿರುತ್ತಾರೆ. ಇದು ಕಾರಾಕುಮ್ ಇರಬೇಕೆಂದು ಮಷ್ಕೊವ್ ಊಹಿಸುತ್ತಾನೆ. ಅದು ಕಿನ್-ದ್ಜಾ-ದ್ಜಾ ಗೆಲಾಕ್ಸಿಯ ಪ್ಲುಕ್ ಗ್ರಹ.

ಅಲ್ಲಿ ಅವರಿಗೆ ಎದುರಾಗುವವರು ಊಎಫ್ ಮತ್ತು ಬೀ ಎಂಬ ಇಬ್ಬರು ಅಲೆಮಾರಿ ಹಾಡುಗಾರರು (ಯೆವ್ಗೇನಿ ಲಿಯೋನೊವ್, ಯೂರಿ ಯಾಕೊವ್ಲೆವ್). ತುಕ್ಕು ಹಿಡಿದ ಬಾನಿಯಂಥ ಹಾರುಯಂತ್ರ, ಹರಿದ ಬಟ್ಟೆ, ಮೈಯೆಲ್ಲ ಧೂಳು. ಗ್ರಹದ ನೀರನ್ನೆಲ್ಲ ‘ಲುತ್ಸ್’ ಎಂಬ ಇಂಧನವಾಗಿ ಮಾರ್ಪಡಿಸಿ ಮುಗಿದಿದೆ. ಕುಡಿಯಲು ಬೇಕಾದರೆ ಆ ಇಂಧನದಿಂದಲೇ ನೀರನ್ನು ಮರಳಿ ಪಡೆಯಬೇಕು. ಮಷ್ಕೊವ್ ಸಿಗರೇಟಿಗೆಂದು ಕಡ್ಡಿ ಗೀರಿದಾಗ ಇಬ್ಬರೂ ದಿಗ್ಭ್ರಾಂತರಾಗುತ್ತಾರೆ. ನಮ್ಮ ಬೆಂಕಿಕಡ್ಡಿ ಅಲ್ಲಿ ‘ಕೆತ್ಸೆ’, ಎಲ್ಲಕ್ಕಿಂತ ಬೆಲೆಬಾಳುವ ಸಂಪತ್ತು. ಮುಂದಿನ ಕಥೆಯೆಲ್ಲ ಊರಿಗೆ ಮರಳಲು ಈ ಇಬ್ಬರು ಭೂವಾಸಿಗಳು ನಡೆಸುವ ವ್ಯವಹಾರ, ಪಡುವ ವಂಚನೆ ಮತ್ತು ಅವಮಾನಗಳ ಸರಣಿ.

೨. ಒಂದು ಪುಟ್ಟ ನಿಘಂಟು

ಪ್ಲುಕ್ ಗ್ರಹದವರು ಇನ್ನೊಬ್ಬರ ಮನಸ್ಸನ್ನು ಓದಬಲ್ಲರು; ಹಾಗೆಯೇ ಬಹುಬೇಗ ರಷ್ಯನ್ ಭಾಷೆಯನ್ನೂ ಹಿಡಿದುಬಿಡುತ್ತಾರೆ. ಅವರ ಸ್ವಂತ ಭಾಷೆಯಾದರೋ ಅತ್ಯಂತ ಕಿರಿದು. ಚಿತ್ರದ ಎರಡು ಭಾಗಗಳ ನಡುವೆ ಪ್ರೇಕ್ಷಕರ ಅನುಕೂಲಕ್ಕೆಂಬಂತೆ ಒಂದು ಚಿಕ್ಕ ನಿಘಂಟನ್ನು ತೆರೆಯ ಮೇಲೆ ತೋರಿಸಲಾಗುತ್ತದೆ. ಹಾಸ್ಯಕ್ಕಾಗಿ ಇಟ್ಟಂತೆ ಕಾಣುವ ಈ ನಿಘಂಟು ಇಡೀ ಚಿತ್ರದ ಕೀಲಿಕೈ ಎಂಬುದು ಈ ಲೇಖನದ ನಿಲುವು. ಅದರಲ್ಲಿರುವ ಪದಗಳು ಎಂಟು: ಕೆತ್ಸೆ ಎಂದರೆ ಬೆಂಕಿಕಡ್ಡಿ; ತ್ಸಾಕ್ ಎಂದರೆ ಮೂಗಿಗೆ ಕಟ್ಟುವ ಗಂಟೆ; ಎತ್ಸಿಖ್ ಎಂದರೆ ಕೈದಿಗಳನ್ನು ಕೂಡಿಹಾಕುವ ಪೆಟ್ಟಿಗೆ; ಎತ್ಸಿಲೊಪ್ ಎಂದರೆ ಅಧಿಕಾರದ ಪ್ರತಿನಿಧಿ; ಪೆಪೆಲಾತ್ಸ್ ಎಂದರೆ ಅಂತರಿಕ್ಷ ನೌಕೆ; ಗ್ರವಿತ್ಸಾಪಾ ಎಂದರೆ ಆ ನೌಕೆಯ ಎಂಜಿನ್ನಿನ ಒಂದು ಬಿಡಿಭಾಗ; ‘ಕ್ಯು’ ಎಂದರೆ ಸಮಾಜ ಒಪ್ಪಿದ ಬೈಗುಳ; ‘ಕು’ ಎಂದರೆ ಉಳಿದ ಎಲ್ಲ ಪದಗಳು.

ಯಾವ ನಿಘಂಟೇ ಆಗಲಿ, ಅದನ್ನು ಬಳಸುವ ಸಮಾಜಕ್ಕೆ ಯಾವುದನ್ನು ಪ್ರತ್ಯೇಕಿಸಿ ಹೆಸರಿಸುವ ಅಗತ್ಯವಿದೆ ಎಂಬುದನ್ನು ಸೂಚಿಸುತ್ತದೆ. ಭತ್ತ ಬೆಳೆಯುವ ನಾಡಿನಲ್ಲಿ ಭತ್ತ, ಅಕ್ಕಿ, ಅನ್ನ ಬೇರೆಬೇರೆ ಪದಗಳಾಗಿರುವುದು ಇದಕ್ಕೆ ಸರಳ ಉದಾಹರಣೆ. ಆ ದೃಷ್ಟಿಯಿಂದ ಮೇಲಿನ ಪಟ್ಟಿಯನ್ನು ನೋಡಿದರೆ ಸಂಪತ್ತಿಗೆ ಒಂದು ಪದ, ಯಂತ್ರಕ್ಕೆ ಎರಡು, ಅಧೀನತೆ, ಸೆರೆ ಮತ್ತು ಅಧಿಕಾರಕ್ಕೆ ಮೂರು, ಬೈಗುಳಕ್ಕೆ ಒಂದು ಪದ ಉಳಿದಿರುವುದು ಕಾಣುತ್ತದೆ. ನಿಘಂಟಿನ ತರ್ಕದಂತೆ ತಾಯಿ, ಸಾವು, ಸ್ನೇಹ, ಕ್ಷಮೆ ಎಲ್ಲವೂ ‘ಕು’ ಎಂಬ ಒಂದೇ ಸದ್ದಿನಲ್ಲಿ ಕರಗಿಹೋಗಿವೆ. ಅಂದರೆ ಭಾಷೆ ಕುಗ್ಗುವಾಗ ಎಲ್ಲ ಕಡೆಯಿಂದಲೂ ಸಮವಾಗಿ ಕುಗ್ಗುವುದಿಲ್ಲ. ಮಾರುಕಟ್ಟೆಗೂ ಆಳ್ವಿಕೆಗೂ ಬೇಕಾದ ಪದಗಳು ಕೊನೆಯವರೆಗೆ ಬದುಕಿಕೊಳ್ಳುತ್ತವೆ.

ಈ ಸಂದರ್ಭದಲ್ಲಿ ಜಾರ್ಜ್ ಆರ್ವೆಲ್ ಅವರ ‘೧೯೮೪’ (೧೯೪೯) ಕಾದಂಬರಿಯ ಹೋಲಿಕೆ ಸಹಜವಾಗಿ ಒದಗುತ್ತದೆ. ಅಲ್ಲಿ ಪ್ರಭುತ್ವವೇ ಯೋಜನೆ ಹಾಕಿ ಪದಗಳನ್ನು ಕತ್ತರಿಸುತ್ತದೆ; ವಿರೋಧದ ವಿಚಾರ ಮೂಡದಂತೆ ಮಾಡುವುದು ಅದರ ಗುರಿ. ಪ್ಲುಕ್ ಗ್ರಹದಲ್ಲಿ ಅಂಥ ಯೋಜನೆಯ ಸುಳಿವೇ ಇಲ್ಲ. ಪದಗಳು ಹೇಗೆ ಹೋದವೆಂದು ಚಿತ್ರ ಹೇಳುವುದಿಲ್ಲ, ಹೋದವೆಂಬ ವ್ಯಥೆಯೂ ಅಲ್ಲಿ ಯಾರಿಗೂ ಇಲ್ಲ. ಆಜ್ಞೆಯಿಂದ ನಾಶವಾದದ್ದನ್ನು ಪ್ರತಿಭಟಿಸಬಹುದು. ಅಲಕ್ಷ್ಯದಿಂದ ಸವೆದುಹೋದದ್ದನ್ನು ಗುರುತಿಸುವುದೇ ಕಷ್ಟ. ಈ ದೃಷ್ಟಿಯಲ್ಲಿ ದನೇಲಿಯ ಅವರ ಕಲ್ಪನೆ ಆರ್ವೆಲ್ ಅವರದಕ್ಕಿಂತ ನಮಗೆ ಹತ್ತಿರದ್ದು.

೩. ಬಾಯಿಂದ ಮೈಗೆ ಇಳಿದ ಶ್ರೇಣಿ

ಪ್ಲುಕ್ ಗ್ರಹದಲ್ಲಿ ಎರಡು ವರ್ಗದ ಜನರಿದ್ದಾರೆ: ಚಾತ್ಲಾನರು ಮತ್ತು ಪಾತ್ಸಾಕರು. ಚಾತ್ಲಾನರು ಮೇಲಿನವರು. ಪಾತ್ಸಾಕನಾದವನು ಮೂಗಿಗೆ ಗಂಟೆ ಕಟ್ಟಿಕೊಳ್ಳಬೇಕು. ಚಾತ್ಲಾನನ ಮುಂದೆ ಎರಡೂ ಕೈಗಳನ್ನು ಅಗಲಿಸಿ, ಮಂಡಿ ಬಾಗಿಸಿ ಕುಕ್ಕರಿಸಿ ‘ಕು’ ಎನ್ನಬೇಕು. ಹಾಡುವುದಿದ್ದರೆ ಪಂಜರದೊಳಗೆ ನಿಂತು ಹಾಡಬೇಕು. ಇಷ್ಟಾದರೂ ಈ ಎರಡು ವರ್ಗಗಳ ನಡುವೆ ಕಣ್ಣಿಗೆ ಕಾಣುವ ಯಾವ ಭೇದವೂ ಇಲ್ಲ. ಚರ್ಮ, ಮುಖ, ಮಾತು, ಬಡತನ ಎಲ್ಲವೂ ಒಂದೇ. ಯಾರು ಯಾವ ವರ್ಗ ಎಂಬುದನ್ನು ಒಂದು ಕೈಯಂತ್ರ ಹೇಳುತ್ತದೆ: ಕಿತ್ತಳೆ ಬಣ್ಣದ ದೀಪ ಹತ್ತಿದರೆ ಚಾತ್ಲಾನ, ಹಸಿರು ಹತ್ತಿದರೆ ಪಾತ್ಸಾಕ. ಭೂಮಿಯಿಂದ ಬಂದ ಇಬ್ಬರಿಗೂ ಹಸಿರು ದೀಪವೇ ಹತ್ತುತ್ತದೆ. ಈ ಭೇದ ಜನಾಂಗೀಯವೋ ಜೈವಿಕವೋ ಎಂದು ಕೇಳಿದಾಗ ಸಿಗುವ ಉತ್ತರ, ಹಸಿರಿಗೂ ಕಿತ್ತಳೆಗೂ ಇರುವ ವ್ಯತ್ಯಾಸ ನಿಮಗೆ ಕಾಣುವುದಿಲ್ಲವೇ ಎಂಬ ಮರುಪ್ರಶ್ನೆ ಮಾತ್ರ. ಪಾತ್ಸಾಕರ ಗ್ರಹದಲ್ಲಾದರೆ ಇದೇ ವ್ಯವಸ್ಥೆ ತಲೆಕೆಳಗಾಗಿದ್ದು, ಗಂಟೆ ಕಟ್ಟಿಕೊಳ್ಳುವ ಸರದಿ ಚಾತ್ಲಾನರದು.

ಜಾತಿಯ ಚರ್ಚೆಯ ನಡುವೆಯೇ ಬೆಳೆದಿರುವ ಕನ್ನಡದ ಓದುಗರಿಗೆ ಈ ಪ್ರಸಂಗಕ್ಕೆ ಟೀಕೆಯ ಅಗತ್ಯವಿಲ್ಲ. ಕಾಣದ ಭೇದವನ್ನು ಕಾಣುವಂತೆ ಮಾಡಲು ಸಮಾಜ ಒಂದು ಸಾಧನವನ್ನು ಹುಡುಕಿಕೊಳ್ಳುತ್ತದೆ. ಬಳಿಕ ಆ ಸಾಧನ ತೋರಿಸಿದ್ದನ್ನೇ ಭೇದಕ್ಕೆ ಆಧಾರವೆಂದು ಮುಂದಿಡುತ್ತದೆ. ದನೇಲಿಯ ಅವರ ಗುರಿ ಸೋವಿಯತ್ ಸಮಾಜವೇ ಹೊರತು ನಮ್ಮದಲ್ಲ. ಪಾತ್ಸಾಕ್ ಎಂಬ ಹೆಸರು ರಷ್ಯನ್ನರನ್ನು ಹೀಗಳೆಯಲು ಉಕ್ರೇನಿನಲ್ಲಿ ಬಳಸುವ ‘ಕಾತ್ಸಾಪ್’ ಪದದ ಹಿಮ್ಮುಖ ರೂಪ ಎಂಬ ವಿವರಣೆ ಪ್ರಚಲಿತವಾಗಿದೆ. ಎತ್ಸಿಲೊಪ್ ಎಂಬುದು ‘ಪೊಲೀಸ್’ ಪದದ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದ ರೂಪ. ಪೆಪೆಲಾತ್ಸ್ ಎಂಬುದರ ಮೂಲ ಚಿಟ್ಟೆ ಎಂಬರ್ಥದ ಜಾರ್ಜಿಯನ್ ಪದ. ತಿರುಗುಮುರುಗಾದ ಈ ಪದಗಳಲ್ಲಿ ಹಲವು ಜನಾಂಗಗಳ ಒಕ್ಕೂಟವೊಂದರ ಒಳಗಿನ ಬಿರುಕುಗಳು ಅಡಗಿವೆ.

ಹುಟ್ಟಿನ ಶ್ರೇಣಿಯ ಮೇಲೆ ಹಣದ ಶ್ರೇಣಿಯೂ ಇದೆ. ಸ್ವಲ್ಪ ಕೆತ್ಸೆ ಇದ್ದವನು ಹಳದಿ ಷರಾಯಿ ತೊಡಬಹುದು; ಅವನ ಮುಂದೆ ಪಾತ್ಸಾಕನು ಎರಡು ಬಾರಿ ‘ಕು’ ಮಾಡಬೇಕು. ಬಹಳ ಕೆತ್ಸೆ ಇದ್ದವನಿಗೆ ಕಡುಗೆಂಪು ಷರಾಯಿ. ಅವನ ಮುಂದೆ ಚಾತ್ಲಾನನೂ ಬಾಗಬೇಕು, ಎತ್ಸಿಲೊಪ್ ಅವನನ್ನು ರಾತ್ರಿ ಹೊಡೆಯುವಂತಿಲ್ಲ. ಷರಾಯಿಯ ಬಣ್ಣದಿಂದ ಜನರನ್ನು ವಿಂಗಡಿಸದ ಸಮಾಜಕ್ಕೆ ಗುರಿಯೇ ಇರುವುದಿಲ್ಲ ಎಂಬುದು ಊಎಫ್‌ನ ದೃಢ ನಂಬಿಕೆ.

ಇಲ್ಲಿ ಭಾಷಾಧ್ಯಯನಕ್ಕೆ ಸಂಬಂಧಿಸಿದ ಮುಖ್ಯ ಅಂಶವೊಂದಿದೆ. ಕನ್ನಡದಲ್ಲಿ ಗೌರವ ಮತ್ತು ಅಗೌರವಗಳು ವ್ಯಾಕರಣದಲ್ಲಿಯೇ ನೆಲೆಸಿವೆ. ನೀನು, ನೀವು, ತಾವು ಎಂಬ ಸರ್ವನಾಮಗಳು, ಬಾ, ಬನ್ನಿ ಎಂಬ ಕ್ರಿಯಾರೂಪಗಳು, ಅಣ್ಣ, ಅಪ್ಪ, ಅಯ್ಯ ಎಂದು ಹೆಸರಿಗೆ ಹತ್ತುವ ಪದಗಳು ಮಾತನಾಡುವವರ ಸ್ಥಾನವನ್ನು ಸೂಚಿಸುತ್ತವೆ. ರಷ್ಯನ್ನಿನಲ್ಲಿಯೂ ಏಕವಚನ ಮತ್ತು ಬಹುವಚನದ ಸಂಬೋಧನೆಗಳು ಇದೇ ಕೆಲಸ ಮಾಡುತ್ತವೆ. ಹಾಗಿದ್ದಲ್ಲಿ ಸರ್ವನಾಮ, ಪ್ರತ್ಯಯಗಳೆಲ್ಲ ಅಳಿದು ಒಂದೇ ಪದ ಉಳಿದರೆ ಎಲ್ಲರೂ ಸಮಾನರಾಗಬೇಕಲ್ಲವೇ? ಚಿತ್ರದ ಉತ್ತರ: ಇಲ್ಲ. ವ್ಯಾಕರಣ ಹೊರುತ್ತಿದ್ದ ಹೊರೆಯನ್ನು ಮೈ ಹೊರುತ್ತದೆ. ಎಷ್ಟು ಬಾರಿ ‘ಕು’ ಎನ್ನಬೇಕು, ಎಷ್ಟು ಬಾಗಬೇಕು, ಮೂಗಿನಲ್ಲಿ ಗಂಟೆ ಇರಬೇಕೇ ಬೇಡವೇ ಎಂಬುದೇ ಅಲ್ಲಿನ ವ್ಯಾಕರಣ. ಭಾಷೆ ಬಡವಾದ ಮಾತ್ರಕ್ಕೆ ಶ್ರೇಣಿ ಬಡವಾಗುವುದಿಲ್ಲ. ಅದು ಬಾಯಿಂದ ಮೈಗೆ ಇಳಿಯುತ್ತದೆ. ಸಂಬೋಧನೆಯ ಪದಗಳನ್ನು ತಿದ್ದಿದರೆ ಸಮಾನತೆ ಬಂದೀತೆಂಬ ನಂಬಿಕೆಗೂ ಇದು ಗಂಭೀರವಾದ ಪ್ರಶ್ನೆಯೇ.

೪. ಅಲಕ್ಷ್ಯದ ಕಾರಣಗಳು

ರಷ್ಯನ್ ಬಲ್ಲ ಪ್ರೇಕ್ಷಕರಲ್ಲಿ ಈ ಚಿತ್ರ ಅಪರಿಚಿತವಲ್ಲ. ‘ಕು’, ‘ಪೆಪೆಲಾತ್ಸ್’ ಮೊದಲಾದ ಪದಗಳು ಅಲ್ಲಿನ ಆಡುಮಾತನ್ನೇ ಸೇರಿವೆ. ಹೊರಗಿನ ಲೋಕದಲ್ಲಿ ಸೋವಿಯತ್ ವಿಜ್ಞಾನ ಕಥಾಚಿತ್ರವೆಂದರೆ ಆಂದ್ರೇಯ್ ತಾರ್ಕೊವ್‌ಸ್ಕಿ ಅವರ ‘ಸೋಲಾರಿಸ್’ (೧೯೭೨) ಮತ್ತು ‘ಸ್ತಾಲ್ಕರ್’ (೧೯೭೯) ಚಿತ್ರಗಳೇ ನೆನಪಾಗುತ್ತವೆ. ಅವುಗಳ ಗಾಂಭೀರ್ಯ ವಿಮರ್ಶೆಯನ್ನು ತಾನಾಗಿ ಆಹ್ವಾನಿಸಿತು, ‘ಕಿನ್-ದ್ಜಾ-ದ್ಜಾ!’ದ ಹಾಸ್ಯ ಅದನ್ನು ಹಗುರವೆಂದು ತೋರಿಸಿತು. ನವಕರ್ನಾಟಕ ಪ್ರಕಾಶನದ ಮೂಲಕ ಸೋವಿಯತ್ ಸಾಹಿತ್ಯವನ್ನು ಓದಿದ ಕನ್ನಡದ ಒಂದು ಪೀಳಿಗೆಗೆ ಆ ನಾಡು ತನ್ನನ್ನು ತಾನೇ ನಗೆಯಾಡಿಕೊಂಡ ಬಗೆ ಅಷ್ಟಾಗಿ ತಲುಪಲಿಲ್ಲ.

ಅನುವಾದದ ತೊಡಕು ಇನ್ನೊಂದು ಕಾರಣ. ‘ಕು’ ಎಂಬುದನ್ನು ಅನುವಾದಿಸಬೇಕಾಗಿಯೇ ಇಲ್ಲ. ಕಷ್ಟವಿರುವುದು ಉಳಿದ ಮಾತಿನಲ್ಲಿ. ಮಷ್ಕೊವ್‌ನ ಕಚೇರಿ ಶೈಲಿಯ ರಷ್ಯನ್, ಗೆದೆವಾನ್‌ನ ಜಾರ್ಜಿಯನ್ ಛಾಯೆಯ ಉಚ್ಚಾರಣೆ, ಮನಸ್ಸಿನಿಂದ ಕದ್ದು ಕಲಿತ ಊಎಫ್‌ನ ಮಾತು ಇವುಗಳ ಘರ್ಷಣೆಯಲ್ಲಿ ಚಿತ್ರದ ಹಾಸ್ಯವಿದೆ. ಇಂಗ್ಲಿಷ್ ಅಡಿಬರಹದಲ್ಲಿ ಮೂರೂ ಒಂದೇ ಆಗಿಬಿಡುತ್ತವೆ. ಪ್ರಾದೇಶಿಕ ಪ್ರಭೇದಗಳು ಜೀವಂತವಾಗಿರುವ ಕನ್ನಡದಲ್ಲಿ ಈ ಚಿತ್ರಕ್ಕೆ ಅಡಿಬರಹ ಸಿದ್ಧಪಡಿಸುವುದು ಅನುವಾದ ತರಗತಿಗೆ ಉತ್ತಮ ಅಭ್ಯಾಸವಾಗಬಲ್ಲುದು.

ಭಾಷೆಯ ವಿಷಯದಲ್ಲಿ ಅಧಿಕಾರ ಎಷ್ಟು ಸೂಕ್ಷ್ಮವಾಗಿರುತ್ತದೆಂಬುದಕ್ಕೆ ಚಿತ್ರದ ತಯಾರಿಕೆಯೇ ನಿದರ್ಶನ. ೧೯೮೪ರಲ್ಲಿ ಕೊನ್ಸ್ತಾಂತಿನ್ ಉಸ್ತಿನೋವಿಚ್ ಚೆರ್ನೆಂಕೊ ಸೋವಿಯತ್ ನಾಯಕರಾದರು. ಆ ಹೆಸರಿನ ಮೊದಲೆರಡು ಪದಗಳ ರಷ್ಯನ್ ಆದ್ಯಕ್ಷರಗಳನ್ನು ಕೂಡಿಸಿದರೆ ‘ಕು’ ಆಗುತ್ತದೆ. ಇದನ್ನು ಅಣಕವೆಂದು ತಿಳಿದಾರೆಂಬ ಆತಂಕದಿಂದ ಬೇರೆ ಪದದ ಹುಡುಕಾಟ ನಡೆದದ್ದನ್ನು ದನೇಲಿಯ ಅವರು ನೆನಪಿಸಿಕೊಂಡಿದ್ದಾರೆ. ೧೯೮೫ರ ಮಾರ್ಚ್‌ನಲ್ಲಿ ಚೆರ್ನೆಂಕೊ ನಿಧನರಾದರು, ‘ಕು’ ಉಳಿಯಿತು. ೨೦೧೩ರಲ್ಲಿ ದನೇಲಿಯ ಅವರು ತಾತ್ಯಾನಾ ಇಲ್ಯಿನಾ ಅವರ ಜೊತೆ ಇದೇ ಕಥೆಯನ್ನು ಅನಿಮೇಷನ್ ಚಿತ್ರವಾಗಿ ಮತ್ತೆ ನಿರ್ಮಿಸಿದರು. ೨೦೧೯ರಲ್ಲಿ ಅವರು ತೀರಿಕೊಂಡರು.

೫. ಸಮಾರೋಪ

ಚಿತ್ರದ ಮಿತಿಗಳನ್ನೂ ಹೇಳಬೇಕು. ಪ್ಲುಕ್ ಸಮಾಜದ ಹೆಣ್ಣುಗಳಿಗೆ ಇಲ್ಲಿ ಗಣನೀಯ ಪಾತ್ರವಿಲ್ಲ. ಶ್ರೇಣಿಯನ್ನು ಇಷ್ಟು ಕೂಲಂಕಷವಾಗಿ ಶೋಧಿಸುವ ಚಿತ್ರ ಲಿಂಗಭೇದದ ಮಟ್ಟಿಗೆ ಬಹುಪಾಲು ಮೌನವಾಗಿದೆ. ಎರಡನೆಯ ಭಾಗದ ನಿಧಾನಗತಿಯೂ ತಾಳ್ಮೆಯನ್ನು ಬೇಡುತ್ತದೆ. ಆದರೂ ಆ ಭಾಗದಲ್ಲಿಯೇ ಚಿತ್ರದ ನೈತಿಕ ತಿರುಳಿದೆ. ಹೆಜ್ಜೆಹೆಜ್ಜೆಗೂ ತಮ್ಮನ್ನು ವಂಚಿಸಿದ ಊಎಫ್ ಮತ್ತು ಬೀಯನ್ನು ವಿಪತ್ತಿನಲ್ಲಿ ಬಿಟ್ಟು ತಾವು ಮಾತ್ರ ಮನೆಗೆ ಮರಳಲು ಮಷ್ಕೊವ್ ಮತ್ತು ಗೆದೆವಾನ್ ಒಪ್ಪುವುದಿಲ್ಲ. ಪ್ಲುಕ್ ನಿಘಂಟಿನಲ್ಲಿ ಪ್ರತ್ಯೇಕ ಹೆಸರಿಲ್ಲದ ಈ ನಡತೆಗೂ ‘ಕು’ ಎಂದೇ ಹೇಳಬೇಕು.

ಕೊನೆಗೆ ಕಾಲ ಹಿಂದಕ್ಕೆ ಸರಿದು ಇಬ್ಬರೂ ಮಾಸ್ಕೋದಲ್ಲಿ, ಕಥೆ ಆರಂಭವಾದ ದಿನಕ್ಕೇ ಮರಳುತ್ತಾರೆ. ನಡೆದ ಯಾವುದರ ನೆನಪೂ ಅವರಿಗಿಲ್ಲ. ಅಪರಿಚಿತರಂತೆ ಬೀದಿಯಲ್ಲಿ ಎದುರಾಗುತ್ತಾರೆ. ಅಷ್ಟರಲ್ಲಿ ಕಿತ್ತಳೆ ಬಣ್ಣದ ದೀಪ ಮಿನುಗಿಸುತ್ತ ಟ್ರಾಕ್ಟರೊಂದು ಹಾದುಹೋಗುತ್ತದೆ. ಇಬ್ಬರೂ ತಮಗರಿವಿಲ್ಲದೆಯೇ ಕುಕ್ಕರಿಸಿ ‘ಕು’ ಎನ್ನುತ್ತಾರೆ. ಮರುಗಳಿಗೆ ಒಬ್ಬರನ್ನೊಬ್ಬರು ಗುರುತಿಸುತ್ತಾರೆ. ಮನಸ್ಸು ಮರೆತ ಅಧೀನತೆಯನ್ನು ಮೈ ಮರೆತಿಲ್ಲ ಎಂಬುದು ಈ ದೃಶ್ಯದ ಒಂದು ಅರ್ಥ. ಒಟ್ಟಿಗೆ ಅವಮಾನ ಉಂಡವರಿಗೆ ಆ ಅವಮಾನದ ಗುರುತೇ ಪರಸ್ಪರರ ಪರಿಚಯದ ಗುರುತೂ ಆಗಬಲ್ಲುದು ಎಂಬುದು ಇನ್ನೊಂದು. ಆ ಕ್ಷಣದಲ್ಲಿ ‘ಕು’ ಎಂಬ ಪದಕ್ಕೆ ಪ್ಲುಕ್ ಗ್ರಹದಲ್ಲಿ ಇಲ್ಲದ ಸ್ನೇಹವೆಂಬ ಅರ್ಥ ಭೂಮಿಯ ಮೇಲೆ ಸೇರಿಕೊಳ್ಳುತ್ತದೆ. ಸವೆದುಹೋದ ಪದವೊಂದು ಬಳಸುವವರ ಬದುಕಿನಿಂದ ಮತ್ತೆ ಅರ್ಥವನ್ನು ಪಡೆಯುವ ಈ ಕ್ರಿಯೆ ಭಾಷೆಯನ್ನು ಓದುವ ಮತ್ತು ಓದಿಸುವ ನಮ್ಮೆಲ್ಲರ ಅಧ್ಯಯನಕ್ಕೆ ಸಲ್ಲುವ ವಸ್ತು. ವಿಜ್ಞಾನ ಕಥಾಚಿತ್ರವೆಂಬ ಹೆಸರಿನ ಕಾರಣಕ್ಕೆ ಅದನ್ನು ಹೊರಗಿಡುವುದು ನಮಗೇ ನಷ್ಟ.