ಕೆಲಸ ಕೊಡಿಸ್ತೀವಿ ಅಂದವರು ಫೋನ್ ಎತ್ತದಿದ್ದರೆ



"ಸಿಸ್ಟರ್, ಮಗಳು ಇಂಟರ್‌ವ್ಯೂ ಮುಗಿಸಿ ಬಂದು ತಿಂಗಳಾಯ್ತು, ಸುದ್ದಿನೇ ಇಲ್ಲ" ಎಂಬ ಮಾತು ಹುಲಿಕಲ್ ಕಡೆಯ ಸಂಘಗಳಲ್ಲಿ ಕೇಳಿಬರುತ್ತಿರುತ್ತದೆ. ಉತ್ತರ ಬರಲಿಲ್ಲವೆಂದರೆ ಮಗಳು ದಡ್ಡಿ ಎಂದಲ್ಲ. ಆಯ್ಕೆಯಾಗದವರಿಗೆ ತಿಳಿಸುವ ಗೋಜಿಗೇ ಎಷ್ಟೋ ಕಂಪನಿಗಳು ಹೋಗುವುದಿಲ್ಲ. ಇದು ಸರಿಯಲ್ಲ, ಆದರೂ ನಡೆಯುತ್ತಿದೆ.

ನಮ್ಮ ಘಟ್ಟದ ತೊಂದರೆ ಬೇರೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಅವರು ಮಾಡಿದ ಫೋನ್ ನಮಗೆ ಸಿಗದೇ ಇರಬಹುದು. ಅರ್ಜಿಯಲ್ಲಿ ಹೊಸನಗರವೋ ತೀರ್ಥಹಳ್ಳಿಯೋ ಪೇಟೆಯಲ್ಲಿರುವ ನೆಂಟರ ನಂಬರನ್ನೂ ಬರೆಸಿ. ಒಂದು ವಾರ ಕಾದು, ಹೆಸರು, ಕೆಲಸ, ಇಂಟರ್‌ವ್ಯೂ ತಾರೀಕು ಹಾಕಿ ಒಂದು ಮೆಸೇಜ್ ಕಳಿಸಲಿ. ಇನ್ನೊಂದು ವಾರಕ್ಕೆ ಒಂದು ಫೋನ್. ಅಷ್ಟು ಸಾಕು. ಅದಕ್ಕೇ ಕಾದು ಕೂರದೆ ಬೇರೆ ಕಡೆಯೂ ಅರ್ಜಿ ಹಾಕುತ್ತಿರಲಿ.

ದುಡ್ಡು ಇಸ್ಕೊಂಡ ಮೇಲೆ ಫೋನ್ ಎತ್ತದವರ ವಿಷಯ ಹಾಗಲ್ಲ. "ಕುವೈತಿಗೆ ಕಳಿಸ್ತೀನಿ, ಮುಂಗಡ ಕೊಡಿ" ಎಂದವರಿಗೆ ಸಂಘದ ಸಾಲ ತೆಗೆದು ಕೊಡುವ ಮೊದಲು ನೋಂದಣಿ ಸಂಖ್ಯೆ ಕೇಳಿ. 1983ರ ವಲಸೆ ಕಾಯ್ದೆ ಪ್ರಕಾರ ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರಿಗೆ ಕೇಂದ್ರ ಸರ್ಕಾರದ ನೋಂದಣಿ ಇರಲೇಬೇಕು. ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಅವರ ಹೆಸರಿದೆಯೇ ಎಂದು ಓದಿದ ಮಕ್ಕಳ ಕೈಲಿ ನೋಡಿಸಿ. ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅದಕ್ಕೂ ರಸೀದಿ ಕೊಡಬೇಕು.

ಈಗಾಗಲೇ ಕೊಟ್ಟಾಗಿದೆಯೇ? ರಸೀದಿ, ಪಾಸ್‌ಬುಕ್, ಮೆಸೇಜ್ ಎಲ್ಲವನ್ನೂ ಇಟ್ಟುಕೊಂಡು ಪೊಲೀಸ್ ಠಾಣೆಗೆ ದೂರು ಕೊಡಿ. ಮೊಬೈಲಿನಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಒಬ್ಬರೇ ಠಾಣೆಗೆ ಹೋಗಲು ಅಂಜಿಕೆಯಾದರೆ ಸಂಘದಿಂದ ನಾಲ್ಕು ಜನ ಜೊತೆಗೆ ಹೋಗಿ.