ಸೈಕಲ್ ಸವಾರನಿಗೆ ಊರ ಹೆಸರೇ ಕೈಕಂಬ

ಕಳೆದ ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಉಪ್ಪಳದ ಕೈಕಂಬದಲ್ಲಿ ಚಹಾ ಕುಡಿಯುತ್ತಾ ಕೂತಿದ್ದೆ. ಗೇರಿನ ಸೈಕಲ್ಲಿನಲ್ಲಿ ಇಬ್ಬರು ಹುಡುಗರು ಬಂದು ಇಳಿದರು. "ಅಂಕಲ್, ಉಪ್ಪಳ ಹೊಳೆಯ ಬದಿಯಲ್ಲೇ ಮೇಲೆ ಹೋಗುವ ರಸ್ತೆ ಯಾವುದು?" ಎಂದು ಕೇಳಿದರು. "ಹಾಗೆ ಒಂದು ರಸ್ತೆ ಇಲ್ಲ ಮಕ್ಕಳೇ" ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಅವರ ಮೊಬೈಲಿನಲ್ಲಿ ಹೊಳೆಯ ಪಕ್ಕಕ್ಕೆ ಸಪೂರದ ಗೆರೆಯೊಂದು ಕಾಣುತ್ತಿತ್ತು. ಅದನ್ನೇ ಹಿಡಿದು ಹೋದರು. ಮಧ್ಯಾಹ್ನ ಅವರು ಪುನಃ ಅಲ್ಲೇ ಸಿಕ್ಕರು. ಆ ಗೆರೆ ಯಾರದೋ ಅಡಿಕೆ ತೋಟದ ಬೇಲಿಯಲ್ಲಿ ಮುಗಿದಿತ್ತಂತೆ.

ತಪ್ಪು ಹುಡುಗರದ್ದಲ್ಲ. ಹೊಳೆ ಇದ್ದಲ್ಲಿ ಹೊಳೆಬದಿಯ ದಾರಿ ಇರಬೇಕು ಎಂಬುದು ಸಹಜವಾದ ಯೋಚನೆ. ಯುರೋಪಿನಲ್ಲಿ ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಜರ್ಮನಿಯ ಪಸ್ಸೌ ಎಂಬಲ್ಲಿಂದ ಆಸ್ಟ್ರಿಯಾದ ವಿಯೆನ್ನಾದವರೆಗೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಸೈಕಲ್ ದಾರಿ ಉಂಟು. ಹಿಂದಿನ ಕಾಲದಲ್ಲಿ ಅಲ್ಲಿ ಹೊಳೆಯ ಮೇಲ್ಮುಖವಾಗಿ ಸರಕಿನ ದೋಣಿಗಳನ್ನು ಕುದುರೆಗಳು ದಂಡೆಯ ಮೇಲಿಂದ ಎಳೆಯುತ್ತಿದ್ದವು. ಕುದುರೆ ನಡೆದ ಜಾಡೇ ಮುಂದೆ ಅನೇಕ ಕಡೆ ಸೈಕಲ್ಲಿನ ದಾರಿಯಾಯಿತು. ಅಲ್ಲಿ ಏರು ಇಲ್ಲ, ಇಳಿತ ಇಲ್ಲ.

ನಮ್ಮ ಹೊಳೆಯ ಸಂಗತಿಯೇ ಬೇರೆ. ಕೇರಳದ 44 ನದಿಗಳಲ್ಲಿ ಉಪ್ಪಳ ಹೊಳೆಯೂ ಒಂದು. ಉದ್ದ ಸುಮಾರು 50 ಕಿ.ಮೀ. ಹುಟ್ಟುವುದು ಕರ್ನಾಟಕದ ಬಂಟ್ವಾಳ ತಾಲೂಕಿನ ವೀರಕಂಬದ ಗುಡ್ಡಗಳಲ್ಲಿ, ಕಡಲು ಸೇರುವುದು ನಮ್ಮ ಉಪ್ಪಳದಲ್ಲಿ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಬಿದ್ದಾಗ ಹೊಳೆಯ ತಲೆ ಅತ್ತ, ಕಾಲು ಇತ್ತ ಆಯಿತು. ಈ ಚಿಕ್ಕ ಹೊಳೆಯಲ್ಲಿ ದೋಣಿ ಎಳೆಯುವ ಕುದುರೆಗಳು ನಡೆದದ್ದಿಲ್ಲ. ಮಳೆಗಾಲದಲ್ಲಿ ಅದು ದಂಡೆ ಮೀರುತ್ತದೆ, ಬೇಸಗೆಯಲ್ಲಿ ಗುಂಡಿಗುಂಡಿಯಾಗಿ ನಿಲ್ಲುತ್ತದೆ. ನೀರಿನ ಅಂಚಿನವರೆಗೂ ತೋಟ, ಗದ್ದೆ. ಹಾಗಾಗಿ ನಮ್ಮ ಹಿರಿಯರು ದಾರಿಯನ್ನು ಹೊಳೆಯ ಬದಿಯಲ್ಲಿ ಮಾಡದೆ ಗುಡ್ಡೆಯ ಮೇಲೆ ಮಾಡಿದರು. ಮುರಕಲ್ಲಿನ ನೆಲದಲ್ಲಿ ಆಟಿ ತಿಂಗಳಲ್ಲೂ ಗಾಡಿಯ ಚಕ್ರ ಹೂತುಹೋಗುವುದಿಲ್ಲ. ಬೈಲಿನ ಕೆಸರಿನಲ್ಲಿ ಹೂತೀತು.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ಬಿದ್ದು ಕಲಿತದ್ದು. ಮೆಟ್ರಿಕ್ ಮುಗಿಸಿ ಬ್ಯಾಂಕಿಗೆ ಸೇರಿದ ಹೊಸತು. ಬೆಳೆಸಾಲದ ನೋಟೀಸುಗಳನ್ನು ಮುಟ್ಟಿಸಲು ಹಳೆಯ ಅಟ್ಲಾಸ್ ಸೈಕಲ್ಲಿನಲ್ಲಿ ಬಾಕ್ರಬೈಲಿಗೆ ಹೊರಟಿದ್ದೆ. ಬ್ರೇಕಿನ ರಬ್ಬರು ಸವೆದದ್ದು ಗೊತ್ತಿತ್ತು, ಉದಾಸೀನ ಮಾಡಿದ್ದೆ. ಇಳಿಜಾರಿನಲ್ಲಿ ಸೈಕಲ್ಲು ನಿಲ್ಲಲಿಲ್ಲ. ನಾನು, ಸೈಕಲ್ಲು, ನೋಟೀಸುಗಳು ಒಟ್ಟಿಗೆ ಗದ್ದೆಯ ಕೆಸರಿಗೆ ಹೋಗಿ ಬಿದ್ದೆವು. ನೇಜಿ ನೆಡುತ್ತಿದ್ದ ಮುದುಕಿಯೊಬ್ಬರು ನನ್ನನ್ನು ಎಬ್ಬಿಸಿ ತುಳುವಿನಲ್ಲಿ ಹೇಳಿದ್ದು ಇಷ್ಟೇ: "ಬೈಲು ಅಂತ ಹೆಸರು ಕೇಳಿದ ಮೇಲೂ ಬ್ರೇಕು ನೋಡದೆ ಹೊರಟೆಯಾ ಮಗಾ?"

ಆ ಮಾತಿನ ಮೇಲೆ ನಾನು ಊರ ಹೆಸರುಗಳನ್ನು ಸೈಕಲ್ಲಿನ ಸೀಟಿನಿಂದ ಓದಲು ಸುರುಮಾಡಿದೆ. ನೀವೂ ಓದಿ ನೋಡಿ.

ಹೆಸರಿನ ಕೊನೆಗೆ 'ಪದವು' ಇದ್ದರೆ ಅದು ಗುಡ್ಡೆಯ ಮೇಲಿನ ಸಮತಟ್ಟಾದ ಮುರಕಲ್ಲಿನ ಬಯಲು. ಬಾಯಾರುಪದವು, ಮೀಯಪದವು, ನಂದಾರಪದವು. ಅಂದರೆ ಮೊದಲು ಚಡಾವು, ಮೇಲೆ ಗಾಳಿ ಮತ್ತು ಮುಳಿಹುಲ್ಲು, ನೆರಳು ಕಮ್ಮಿ. ಹತ್ತು ಗಂಟೆಯ ಒಳಗೆ ದಾಟಿಬಿಡಬೇಕು. 'ಬೈಲು' ಎಂದರೆ ಎರಡು ಗುಡ್ಡೆಗಳ ನಡುವಿನ ತಗ್ಗಿನ ಗದ್ದೆ. ಕೋಡಿಬೈಲು, ಬಾಕ್ರಬೈಲು. ಇಳಿಯುವಾಗ ಸುಖ, ಆದರೆ ಇಳಿದಷ್ಟೂ ಹತ್ತಲಿಕ್ಕೆ ಉಂಟು ಎಂಬುದು ನೆನಪಿರಲಿ. 'ಅಡ್ಕ' ಎಂದರೆ ಗಟ್ಟಿ ನೆಲದ ಬಯಲು, ಧರ್ಮತ್ತಡ್ಕದ ಹಾಗೆ. 'ಪಳ್ಳ' ಎಂದರೆ ನೀರು ನಿಲ್ಲುವ ಹೊಂಡ, ಕೆರೆ. ನಮ್ಮಲ್ಲಿ ಮಜೀರ್ಪಳ್ಳ ಉಂಟು. ಮಣಿಪಾಲದ ಹೆಸರೂ ಮಣ್ಣಪಳ್ಳದಿಂದಲೇ ಬಂದದ್ದೆಂದು ಹೇಳುತ್ತಾರೆ. 'ಕಟ್ಟೆ' ಎಂದರೆ ಮರದ ಬುಡದ ಕಟ್ಟೆ: ಕಾಯರ್‌ಕಟ್ಟೆ, ಸುಂಕದಕಟ್ಟೆ. ಹೊರೆ ಇಳಿಸಿ ಕೂರುವ ಜಾಗ. ಈಗಲೂ ಅಂಥಲ್ಲಿ ಒಂದು ಚಹಾದ ಅಂಗಡಿ ಸಿಕ್ಕೀತು. ಇನ್ನು ನಮ್ಮ 'ಕೈಕಂಬ' ಎಂದರೆ ದಾರಿ ತೋರಿಸುವ ಕೈ ಇರುವ ಕಂಬ. ದಾರಿ ಕೇಳಲಿಕ್ಕೆಂದೇ ಹುಟ್ಟಿದ ಊರು ಅದು!

ಈಗ ಹೆದ್ದಾರಿ ಆರು ಪಥದ್ದಾಗಿದೆ. ಅದನ್ನು ಲಾರಿಗಳಿಗೆ ಬಿಡಿ. ಕೈಕಂಬದಿಂದ ಮೂಡಕ್ಕೆ ತಿರುಗಿದರೆ ಬೇಕೂರು, ಜೋಡುಕಲ್ಲು, ಪೈವಳಿಕೆ, ಕಾಯರ್‌ಕಟ್ಟೆ, ಬಾಯಾರು. ಇದು ಹೊಳೆಯ ತೆಂಕು ಬದಿಯ ಎತ್ತರದ ದಾರಿ. ಬಾಯಾರುಪದವು ದಾಟಿದರೆ ಗಡಿಯಾಚೆ ಕನ್ಯಾನ, ಮುಂದೆ ವಿಟ್ಲ. ತ್ರಾಣ ಇದ್ದವರು ವಿಟ್ಲದಿಂದ ವೀರಕಂಬಕ್ಕೆ ಹೋಗಿ ಹೊಳೆಯ ಹುಟ್ಟೂರನ್ನೇ ನೋಡಿ ಬರಬಹುದು. ಹಿಂತಿರುಗಲು ಬಡಗು ಬದಿಯ ದಾರಿ ಉಂಟು: ಕನ್ಯಾನದಿಂದ ಕರೋಪಾಡಿ, ಆನೆಕಲ್ಲು ಕಡೆಗಾಗಿ ಸುಂಕದಕಟ್ಟೆ, ಮಜೀರ್ಪಳ್ಳದ ಭಾಗಕ್ಕೆ ಬಂದು ಹೊಸಂಗಡಿಗೆ ಇಳಿಯುವುದು. ಹೊಸಂಗಡಿಯಿಂದ ಉಪ್ಪಳಕ್ಕೆ ಬರುವಾಗ ಸೇತುವೆಯ ಮೇಲೆ ಒಮ್ಮೆ ನಿಲ್ಲಿ. ಇಡೀ ದಿನ ನೀವು ಸುತ್ತು ಹಾಕಿದ ಹೊಳೆ ಅಲ್ಲಿ ನಿಮ್ಮ ಕಾಲಡಿಯಲ್ಲಿ ಹರಿಯುತ್ತದೆ.

ನಂದಾರಪದವಿನಿಂದ ಪಾರಶ್ಶಾಲೆಯವರೆಗಿನ ಮಲೆನಾಡು ಹೆದ್ದಾರಿಯೂ ಈ ಕಣಿವೆಯನ್ನು ಅಡ್ಡಕ್ಕೆ ದಾಟುತ್ತದೆ. ರಸ್ತೆ ಅಗಲ ಉಂಟು, ಆದರೆ ಚಡಾವು ಕಠಿಣ. ಗೇರು ಇಲ್ಲದ ಸೈಕಲ್ಲಿನವರು ಇಳಿದು ತಳ್ಳಲಿ. ಅದರಲ್ಲಿ ಮರ್ಯಾದೆ ಹೋಗುವಂಥದ್ದು ಏನಿಲ್ಲ.

ಹೊರಡಲು ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಮಳೆ ಹೋಗಿ ಹೊಳೆ ಇಳಿದ ಮೇಲೆ ಕೃಷಿಕರು ಕಲ್ಲು, ಮಣ್ಣು, ಅಡಿಕೆ ಮರದ ಸಲಕೆ ಹಾಕಿ ತೋಡುಗಳಿಗೆ ಕಟ್ಟ ಕಟ್ಟುತ್ತಾರೆ. ಕಟ್ಟದ ಹಿಂದೆ ನಿಂತ ನೀರು ನೆಲಕ್ಕೆ ಇಂಗಿ ಅಕ್ಕಪಕ್ಕದ ಬಾವಿಗಳಿಗೆ ಬರುತ್ತದೆ. ಬಾಯಾರು, ಪೈವಳಿಕೆ ಕಡೆ ಗುಡ್ಡೆಯ ಹೊಟ್ಟೆಗೆ ಅಡ್ಡವಾಗಿ ಕೊರೆದ ಸುರಂಗಗಳುಂಟು. ಮುರಕಲ್ಲಿನಿಂದ ಒಸರುವ ನೀರು ಪಂಪು, ಕರೆಂಟು ಇಲ್ಲದೆ ತಾನಾಗಿ ಹೊರಗೆ ಹರಿದು ಬರುತ್ತದೆ. ಯಾರದಾದರೂ ಮನೆಯ ಜಗಲಿಯಲ್ಲಿ "ಸ್ವಲ್ಪ ನೀರು ಕೊಡಿ" ಎಂದು ಕೇಳಿ. ಬೆಲ್ಲವೂ ಒಟ್ಟಿಗೆ ಬಂದೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಬೇಡ. ಮಳೆಗಾಲದಲ್ಲಿ ಉಪ್ಪಳ ಹೊಳೆಗೆ ನೆರೆಯ ಎಚ್ಚರಿಕೆ ಬರುವುದನ್ನು ರೇಡಿಯೋದಲ್ಲಿ ಕೇಳಿಯೇ ಇರುತ್ತೀರಿ. ಆಗ ಕಾಲುಸಂಕದ ಮೇಲೆ ಸೈಕಲ್ಲು ಹೊತ್ತು ದಾಟುವ ಸಾಹಸಕ್ಕೆ ಯಾರೂ ಹೋಗಬಾರದು.

ಇಷ್ಟು ಹೇಳಲು ಒಂದು ಕಾರಣ ಉಂಟು. 2021ರಲ್ಲಿ ಕಾಸರಗೋಡಿನ ಊರುಗಳ ಹೆಸರು ಬದಲಾಗುತ್ತವೆ ಎಂಬ ಸುದ್ದಿ ಎದ್ದು ಕರ್ನಾಟಕದಿಂದ ಕೇರಳದ ಮುಖ್ಯಮಂತ್ರಿಗೆ ಪತ್ರ ಹೋಯಿತು. ಹಾಗೇನೂ ಇಲ್ಲವೆಂದು ಇಲ್ಲಿಂದ ಉತ್ತರ ಬಂತು. ಆ ಚರ್ಚೆ ಹಾಗಿರಲಿ. ಸೈಕಲ್ಲು ತುಳಿದವನಾಗಿ ನನ್ನ ಅಭಿಪ್ರಾಯ ಇದು: ಲಿಪಿ ಬದಲಾದರೆ ದಾರಿ ತಪ್ಪುವುದಿಲ್ಲ. ಮಲಯಾಳದ ಅಕ್ಷರದಲ್ಲಿ ಬರೆದರೂ ಪದವು ಪದವೇ, ಬೈಲು ಬೈಲೇ. ನಾವು ಎರಡು ಭಾಷೆಯವರು, ನಮಗೆ ಎರಡೂ ಓದಲು ಬರುತ್ತದೆ. ಆದರೆ ಹೆಸರಿನ ಬಾಲ ಕತ್ತರಿಸಿದರೆ, ಒಂದರ ಬದಲಿಗೆ ಇನ್ನೊಂದನ್ನು ಇಟ್ಟರೆ, ಆ ನೆಲದ ಏರು ತಗ್ಗು ಹೇಳುತ್ತಿದ್ದ ಮಾತು ಹೋಯಿತು. ಅದಕ್ಕೆ ಸರಕಾರದ ಆದೇಶವೇ ಬೇಕೆಂದಿಲ್ಲ. 'ಪದವು' ಎಂದರೆ ಏನೆಂದು ನನ್ನ ಮೊಮ್ಮಗಳನ್ನು ಕೇಳಿದೆ. "ಬಸ್ ಸ್ಟಾಪು ಅಲ್ವಾ ಅಜ್ಜ?" ಎಂದಳು. ಹೆಸರು ಬೋರ್ಡಿನ ಮೇಲೆ ಉಳಿದು ಮನೆಯೊಳಗೆ ಹೋಗಿತ್ತು.

ಮರುದಿನ ಅವಳನ್ನು ಅವಳ ಚಿಕ್ಕ ಸೈಕಲ್ಲಿನೊಂದಿಗೆ ಪದವಿಗೆ ಕರೆದುಕೊಂಡು ಹೋದೆ. ಅರ್ಧ ಚಡಾವಿನಲ್ಲಿ ಇಳಿದು ತಳ್ಳಿದಳು. ಮೇಲೆ ಮುಟ್ಟಿ ಗಾಳಿಗೆ ಮುಖ ಕೊಟ್ಟು ನಿಂತವಳು, "ಗೊತ್ತಾಯ್ತು ಅಜ್ಜ" ಎಂದಳು. ನಾನು ಬೇರೆ ಅರ್ಥ ಹೇಳಿಕೊಡಬೇಕಾಗಿ ಬರಲಿಲ್ಲ.

ನಿಮ್ಮ ಮನೆಯಲ್ಲೂ ಮೂಲೆಗೆ ಒರಗಿಸಿಟ್ಟ ಸೈಕಲ್ಲು ಇದ್ದೀತು. ಬ್ರೇಕಿನ ರಬ್ಬರು ನೋಡಿ, ಗಾಳಿ ಹಾಕಿ, ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೊರಡಿ. ಹೊರಗಿನ ಸವಾರರು ದಾರಿ ಕೇಳಿದರೆ ಎಡ, ಬಲ ಎಂದು ಕೈ ತೋರಿಸಿ ಸುಮ್ಮನಾಗಬೇಡಿ. ಮುಂದಿನ ಊರ ಹೆಸರನ್ನೂ ಅದರ ಅರ್ಥವನ್ನೂ ಹೇಳಿ ಕಳುಹಿಸಿ.