ಪಾಲಿಟೆಕ್ನಿಕ್ಕಿನಿಂದ ಪದವಿಗೆ

ಹತ್ತನೆಯ ತರಗತಿಯಾದೊಡನೆ ಪಾಲಿಟೆಕ್ನಿಕ್ ಸೇರಿದ ಮಕ್ಕಳಿಗೆ ಇಂಜಿನಿಯರಿಂಗ್ ಪದವಿ ತಪ್ಪಿಹೋಯಿತೆಂದು ಕೊರಗುವ ತಂದೆತಾಯಿಗಳು ನಮ್ಮ ಯಶವಂತಪುರ, ಹೆಬ್ಬಾಳಗಳಲ್ಲಿಯೂ ಉಂಟು. ಈ ಕೊರಗಿಗೆ ಕಾರಣವಿಲ್ಲ. ಡಿಪ್ಲೊಮಾ ಮುಗಿಸಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಡಿಸಿಇಟಿ ಪ್ರವೇಶ ಪರೀಕ್ಷೆಯ ಮೂಲಕ ನೇರವಾಗಿ ಎರಡನೆಯ ವರ್ಷಕ್ಕೆ ಸೇರಬಹುದು.

ಕಾಲದ ಲೆಕ್ಕವನ್ನೇ ನೋಡಿ. ಪಿ.ಯು.ಸಿ. 2 ವರ್ಷ, ಪದವಿ 4 ವರ್ಷ, ಒಟ್ಟು 6. ಡಿಪ್ಲೊಮಾ 3 ವರ್ಷ, ಪದವಿಯ ಉಳಿದ 3 ವರ್ಷ, ಅದೂ 6. ಒಂದು ವರ್ಷವೂ ನಷ್ಟವಿಲ್ಲ.

ಆದರೆ ಒಳ್ಳೆಯ ಕಾಲೇಜುಗಳ ಸೀಟಿಗೆ ಸ್ಪರ್ಧೆ ಬಲು ಹೆಚ್ಚು. ರ‍್ಯಾಂಕು ಮತ್ತು ಅಭ್ಯರ್ಥಿ ಬರೆದ ಆಯ್ಕೆಗಳ ಕ್ರಮ, ಇವೆರಡನ್ನೂ ನೋಡಿ ಸೀಟು ಹಂಚುತ್ತಾರೆ. ಆದ್ದರಿಂದ ನಿಜವಾಗಿ ಬೇಕಾದ ಕಾಲೇಜನ್ನೇ ಮೊದಲು ಬರೆಯಬೇಕು. ಸಿಗಲಾರದೆಂಬ ಅಂಜಿಕೆಯಿಂದ ಕೆಳಗಿಡಬಾರದು. ಮೊದಲ ವರ್ಷದ ಗಣಿತವನ್ನು ಓದದೆ ಹೋಗುವುದರಿಂದ, ರಜೆಯಲ್ಲಿಯೇ ಅದನ್ನು ಅಭ್ಯಾಸ ಮಾಡಿಕೊಳ್ಳುವುದು ಲೇಸು.